ಮೋರನಾಳದ ಗೊಂಬೆ ಪೆಟ್ಟಿಗೆ

ನಲವತ್ತು ವರ್ಷ ಹಾಡು ನಿಲ್ಲಿಸಿ ಕೂತಿದ್ದ ತಂಡವೊಂದು ಮತ್ತೆ ಹಾಡಬೇಕೆಂದರೆ ಅದರ ಹತ್ತಿರ ಏನು ಉಳಿದಿರಬೇಕು? ಪಶ್ಚಿಮದ ಪಾಪ್ ಮತ್ತು ರಾಕ್ ತಂಡಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಸ್ವೀಡನ್ನಿನ ಅಬ್ಬಾ ತಂಡ 1981ರಲ್ಲಿ ಒಂದು ಆಲ್ಬಂ ತಂದು ಆಮೇಲೆ ಚದುರಿಹೋಯಿತು. 2021ರ ನವೆಂಬರ್‌ನಲ್ಲಿ ಅದೇ ನಾಲ್ವರು ‘ವಾಯೇಜ್’ ಎಂಬ ಹೊಸ ಆಲ್ಬಂನೊಂದಿಗೆ ಮರಳಿದರು. ಮರುವರ್ಷದಿಂದ ಲಂಡನ್ನಿನಲ್ಲಿ ಅವರ ಸಂಗೀತ ಕಛೇರಿ ನಡೆಯುತ್ತಿದೆ. ಆದರೆ ಅಲ್ಲಿ ಕಾಣುವುದು ಮುಪ್ಪಿನ ಮನುಷ್ಯರಲ್ಲ, ದೊಡ್ಡ ಪರದೆಯ ಮೇಲೆ ಬೆಳಕಿನಿಂದ ಮೂಡಿಸಿದ ಅವರ ಹರೆಯದ ರೂಪಗಳು. ಬೀಟಲ್ಸ್ ಕಥೆ ಇನ್ನೂ ಮುಂದಿನದು. 1980ರಲ್ಲೇ ತೀರಿಕೊಂಡ ಜಾನ್ ಲೆನನ್ ತನ್ನ ಮನೆಯಲ್ಲಿ ಕೂತು ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಒಂದು ಹಾಡು, ಪಿಯಾನೊ ಸದ್ದಿನಿಂದ ಅವನ ದನಿಯನ್ನು ಬಿಡಿಸಿ ತೆಗೆದ ಮೇಲೆ, 2023ರ ನವೆಂಬರ್‌ನಲ್ಲಿ ‘ನೌ ಆ್ಯಂಡ್ ದೆನ್’ ಎಂಬ ಹೆಸರಿನಲ್ಲಿ ಹೊರಬಂತು. ಎರಡೂ ಕಡೆ ಹಳೆಯದೊಂದು ದಾಸ್ತಾನು ಕೈಯಲ್ಲಿತ್ತು. ಒಂದರ ಹತ್ತಿರ ಹಳೆಯ ಚಿತ್ರ, ಹಳೆಯ ಧ್ವನಿಮುದ್ರಿಕೆ; ಇನ್ನೊಂದರ ಹತ್ತಿರ ಒಂದು ಕ್ಯಾಸೆಟ್ಟು. ಅದು ಕಳೆದುಹೋಗಿದ್ದರೆ ಎಷ್ಟು ದುಡ್ಡು, ಎಷ್ಟು ಅಭಿಮಾನಿಗಳಿದ್ದರೂ ಆ ಮರಳುವಿಕೆ ನಡೆಯುತ್ತಿರಲಿಲ್ಲ.

ಪರದೆ, ಅದರ ಹಿಂದೆ ಬೆಳಕು, ಬೆಳಕಿನಲ್ಲಿ ಕುಣಿಯುವ ರೂಪ, ಪಕ್ಕದಲ್ಲಿ ಕೂತು ಹಾಡುವವರು: ಇಷ್ಟು ಹೇಳಿದರೆ ಕೊಪ್ಪಳ ಸೀಮೆಯ ಹಿರಿಯರಿಗೆ ಲಂಡನ್ ನೆನಪಾಗುವುದಿಲ್ಲ, ತೊಗಲುಗೊಂಬೆ ನೆನಪಾಗುತ್ತದೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರು 2025ರ ಜನವರಿಯಲ್ಲಿ ಪದ್ಮಶ್ರೀ ಪಟ್ಟಿಯಲ್ಲಿ ಬಂದಾಗ ಅವರಿಗೆ 96 ವರ್ಷ. ಅಮೆರಿಕ, ಫ್ರಾನ್ಸ್, ಇಟಲಿ, ಇರಾನ್ ಸೇರಿ ಹತ್ತಕ್ಕೂ ಹೆಚ್ಚು ದೇಶಗಳಲ್ಲಿ ರಾಮಾಯಣ, ಮಹಾಭಾರತಗಳನ್ನು ಆಡಿಸಿ ಬಂದವರು ಎಂದು ಪತ್ರಿಕೆಗಳು ಬರೆದವು. ಸತ್ತೇಹೋಯಿತು ಎಂದು ಜನ ಅಂದುಕೊಂಡಿದ್ದ ಕಲೆಯೊಂದು ಮತ್ತೆ ಮಾತಿಗೆ ಬಂತು. ಹೀಗಾದಾಗಲೆಲ್ಲ ನಾವು ಪ್ರಶಸ್ತಿಯನ್ನು ಹೊಗಳುತ್ತೇವೆ, ಕಲಾವಿದರ ಛಲವನ್ನು ಹೊಗಳುತ್ತೇವೆ. ಎರಡೂ ಸರಿ. ಆದರೆ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಇಲ್ಲಿ ಇನ್ನೊಂದು ಸಂಗತಿ ಇದೆ, ಅದರ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಮೋರನಾಳದ ಮನೆತನದ ಹತ್ತಿರ ಗೊಂಬೆಗಳ ಪೆಟ್ಟಿಗೆ ಉಳಿದಿತ್ತು. ಇನ್ನೂರು ವರ್ಷದಷ್ಟು ಹಳೆಯವೆಂದು ಹೇಳಲಾಗುವ ಗೊಂಬೆಗಳು ಅದರಲ್ಲಿವೆ. ಈ ಸೀಮೆಯ ತೊಗಲುಗೊಂಬೆಯಾಟ ಮರಳಿದ್ದರೆ ಅದು ಆ ಪೆಟ್ಟಿಗೆಯಿಂದ; ಬೇರೆ ಕಡೆ ಮರಳದೇ ಹೋಗಿದ್ದರೆ ಅದಕ್ಕೂ ಮುಖ್ಯ ಕಾರಣ ಪೆಟ್ಟಿಗೆ ಕೈಬಿಟ್ಟದ್ದು ಎಂಬುದು ನನ್ನ ವಾದ. ಪ್ರೇಕ್ಷಕರ ರುಚಿ ಕೆಟ್ಟಿತು, ಸಿನಿಮಾ ಬಂತು, ಟಿವಿ ಬಂತು ಎಂದು ಹೇಳುವ ರೂಢಿಯ ಕಾರಣಗಳು ಇದರ ಮುಂದೆ ಚಿಕ್ಕವು.

ಒಂದು ಗೊಂಬೆ ಹೇಗೆ ಆಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಈ ಮಾತು ತಿಳಿಯುತ್ತದೆ. ಆಡಿನ ಹಸಿ ಚರ್ಮವನ್ನು ನೆನೆಹಾಕಿ, ಕೂದಲು ಹೆರೆದು, ಮಾಂಸದ ಪೊರೆ ತೆಗೆದು, ಗೂಟಗಳಿಗೆ ಎಳೆದುಕಟ್ಟಿ ಒಣಗಿಸುತ್ತಾರೆ. ಚಪ್ಪಲಿಗೆ ಹದ ಮಾಡಿದ ಹಾಗೆ ಇದನ್ನು ಹದ ಮಾಡುವುದಿಲ್ಲ. ಹದ ಮಾಡಿದರೆ ಬೆಳಕು ತೂರುವುದಿಲ್ಲ. ಒಣಗಿದ ತೊಗಲು ಎಣ್ಣೆ ಕಾಗದದಂತೆ ಆಗುತ್ತದೆ. ಅದರ ಮೇಲೆ ರೂಪ ಬರೆದು, ಸಣ್ಣ ಉಳಿಗಳಿಂದ ಒಂದೊಂದೇ ತೂತು ಕೊರೆಯುತ್ತಾರೆ. ಕೊರಳ ಸರ, ತೋಳಬಂದಿ, ಸೀರೆಯ ಅಂಚು ಎಲ್ಲವೂ ಈ ತೂತುಗಳೇ. ಕೈಯಲ್ಲಿ ಹಿಡಿದು ನೋಡಿದಾಗ ಚರ್ಮಕ್ಕೆ ಹುಳ ಬಿದ್ದಂತೆ ಕಾಣುವ ಸಾಲು, ದೀಪದ ಮುಂದೆ ಹಿಡಿದಾಗ ಮುತ್ತಿನ ಸರವಾಗಿ ಹೊಳೆಯುತ್ತದೆ. ಕೆಂಪು, ನೀಲಿ, ಹಸಿರು, ಕಪ್ಪು ಬಣ್ಣಗಳು ಎರಡೂ ಬದಿಗೆ ಇಳಿಯಬೇಕು. ನಡುವೆ ಉದ್ದಕ್ಕೆ ಸೀಳಿದ ಬಿದಿರು ಕಡ್ಡಿ, ತೋಳಿಗೆ ದಾರದ ಕೀಲು. ಪಾತ್ರದ ದೊಡ್ಡಸ್ತಿಕೆಯಂತೆ ಗೊಂಬೆಯ ಅಳತೆ: ರಾಜ, ದೇವರು ದೊಡ್ಡದು, ಆಳುಕಾಳು ಚಿಕ್ಕದು. ಕರ್ನಾಟಕದ ಗೊಂಬೆಗಳಲ್ಲಿ ಇನ್ನೊಂದು ವಿಶೇಷವಿದೆ. ಇಡೀ ಒಡ್ಡೋಲಗವನ್ನೋ, ತೇರಿನಲ್ಲಿ ಕೂತ ವೀರನನ್ನೋ ಒಂದೇ ತೊಗಲಿನ ಹಾಳೆಯಲ್ಲಿ ಕೊರೆದಿರುತ್ತಾರೆ. ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಅಗಲವಾಗಿ ಬರೆಯುವ ಕ್ರಮ ಲೇಪಾಕ್ಷಿಯ ವಿಜಯನಗರ ಕಾಲದ ಭಿತ್ತಿಚಿತ್ರಗಳನ್ನು ನೆನಪಿಸುತ್ತದೆ. ತುಂಗಭದ್ರೆಯ ಈಚೆ ದಡದ ಆನೆಗೊಂದಿಯಲ್ಲಿ, ಹುಚ್ಚಪ್ಪಯ್ಯನ ಮಠದ ಸೂರಿನಲ್ಲಿ ಅದೇ ಕಾಲದ ಚಿತ್ರಗಳ ಚೂರುಗಳು ಈಗಲೂ ಇವೆ. ಯಾರು ಯಾರಿಂದ ಕಲಿತರು ಎಂದು ಗೆರೆ ಎಳೆದು ಹೇಳಲಾಗದು. ಆದರೆ ಒಂದು ಹಳೆಯ ಗೊಂಬೆ ಎಂದರೆ ಆಟದ ಸಾಮಾನಷ್ಟೇ ಆಗಿರಲಿಲ್ಲ. ಅದು ಆ ಮನೆಯ ಗ್ರಂಥವಾಗಿತ್ತು. ಯಾವ ಪ್ರಸಂಗದಲ್ಲಿ ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಯಾವ ಹಾಡಿಗೆ ಹೊರಡುತ್ತಾರೆ ಎಂಬುದನ್ನು ಬರೆದಿಟ್ಟವರಿಲ್ಲ. ಗೊಂಬೆಯನ್ನು ಪೆಟ್ಟಿಗೆಯಿಂದ ತೆಗೆದಾಗ ಹಾಡು ಬಾಯಿಗೆ ಬರುತ್ತಿತ್ತು.

ಆಡಿಸುವವರು ಶಿಳ್ಳೇಕ್ಯಾತರು, ಹಳೆ ಮೈಸೂರಿನ ಕಡೆ ಕಿಳ್ಳೇಕ್ಯಾತರು. ಮನೆಯೊಳಗೆ ಮರಾಠಿಯ ಒಂದು ಬಗೆಯ ನುಡಿ, ಪರದೆಯ ಮುಂದೆ ಕನ್ನಡ. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಮೇಲೆ ಹೊರತಂದ ಸಂಪುಟಗಳಲ್ಲೂ ಇವರ ಪ್ರಸ್ತಾಪವಿದೆ: ಊರೂರು ತಿರುಗಿ ತೊಗಲಿನ ಚಿತ್ರಗಳನ್ನು ಪರದೆಯ ಹಿಂದೆ ಆಡಿಸುವವರು, ಉಳಿದ ಹೊತ್ತು ಮೀನು ಹಿಡಿಯುವವರು. ತಿರುಗುವುದು ಎಂದರೆ ಗೊತ್ತುಗುರಿ ಇಲ್ಲದ ಅಲೆದಾಟ ಎಂದು ತಿಳಿಯಬಾರದು. ಒಂದೊಂದು ಮನೆತನಕ್ಕೆ ಇಂತಿಂಥ ಊರು ಎಂಬ ಹಕ್ಕು ಇತ್ತು. ಸುಗ್ಗಿ ಮುಗಿದು ಕಣದಲ್ಲಿ ರಾಶಿಯಾದ ಮೇಲೆ ಆ ಊರಿಗೆ ಬರುವುದು, ಗುಡಿಯ ಮುಂದಿನ ಬಯಲಿನಲ್ಲಿ ನಾಲ್ಕು ಗಳ ನೆಟ್ಟು ಕಂಬಳಿ ಸುತ್ತಿ ಮುಂದೆ ಬಿಳಿ ಧೋತರ ಕಟ್ಟುವುದು, ಹರಳೆಣ್ಣೆ ದೀಪ ಹಚ್ಚುವುದು. ಮೊದಲು ಗಣಪತಿ, ಆಮೇಲೆ ಸರಸ್ವತಿ, ಆಮೇಲೆ ನಗಿಸಲು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಗೊಂಬೆ ಜೋಡಿ. ಗಂಡ ಗೊಂಬೆ ಹಿಡಿದರೆ ಹೆಂಡತಿ ಹೆಣ್ಣು ಪಾತ್ರಗಳ ಮಾತು, ಹಾಡು, ಮಕ್ಕಳು ತಾಳ. ಕಾಲಡಿಯ ಹಲಗೆ ಯುದ್ಧ ಬಂದಾಗ ಧಡಧಡ ಸದ್ದು ಮಾಡುತ್ತಿತ್ತು. ಬೆಳತನಕ ಆಟ. ಮರುದಿನ ಜೋಳ, ಎಣ್ಣೆ, ಹಳೆಯ ಬಟ್ಟೆ. ಊರಿಗೆ ಇದರಿಂದ ಏನು ಸಿಗುತ್ತಿತ್ತು? ಮನರಂಜನೆ ಸಿಕ್ಕೇ ಸಿಗುತ್ತಿತ್ತು. ಆದರೆ ಊರವರು ಇವರನ್ನು ಕರೆಸುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು: ಗೊಂಬೆ ಆಡಿಸಿದರೆ ಮಳೆ ಬರುತ್ತದೆ, ದನಕರುಗಳ ಬೇನೆ ಹೋಗುತ್ತದೆ ಎಂಬ ನಂಬಿಕೆ. ವಿರಾಟಪರ್ವ ಓದಿಸಿದರೆ, ಆಡಿಸಿದರೆ ಮಳೆಯಾಗುತ್ತದೆ ಎಂಬುದು ನಾಡಿನ ಹಲವು ಕಡೆಯ ನಂಬಿಕೆ. ಗುರ್ಜಿ ಹೊರುವುದು, ಕಪ್ಪೆಯ ಮದುವೆ ಮಾಡುವುದು, ಸಪ್ತಭಜನೆ ನಡೆಸುವುದು ಇವೆಲ್ಲವುಗಳ ಸಾಲಿನಲ್ಲಿ ತೊಗಲುಗೊಂಬೆಯೂ ನಿಂತಿತ್ತು.

ಈ ಮಳೆಯ ಮಾತನ್ನು ನೆಲದ ಮೇಲೆ ಇಟ್ಟು ನೋಡಬೇಕು. ಈಗಿನ ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾದದ್ದು. ಅದಕ್ಕೂ ಹಿಂದೆ, 1948ರ ತನಕ, ಈ ಸೀಮೆ ನಿಜಾಮನ ರಾಜ್ಯದಲ್ಲಿತ್ತು. ಕೊಪ್ಪಳ, ಯಲಬುರ್ಗಾ ಭಾಗ ಸಾಲಾರ್‌ಜಂಗ್ ಮನೆತನದ ಜಹಗೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಒಳ್ಳೆಯ ವರ್ಷ ಎನ್ನುವ ನೆಲ ಇದು. ಎರೆ ಹೊಲದಲ್ಲಿ ಜೋಳ, ಮಸಾರಿಯಲ್ಲಿ ಸಜ್ಜೆ, ನವಣೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟಾಗ ಈ ಸೀಮೆಯ ಹಣೆಬರಹ ಎರಡಾಗಿ ಸೀಳಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಅಕ್ಕಿ ಗಿರಣಿಗಳು ಎದ್ದವು. ಕುಷ್ಟಗಿ, ಯಲಬುರ್ಗಾಗಳಿಗೆ ಮಾತ್ರ ಮುಗಿಲು ನೋಡುವುದನ್ನು ಬಿಡಲಾಗಲಿಲ್ಲ. ಗಂಗಾವತಿಯ ಕಾಲುವೆ ಬಯಲಿನಲ್ಲಿ ಗೊಂಬೆಯವರಿಗೆ ಕೆಲಸ ಏಕೆ ಕಡಿಮೆಯಾಯಿತು ಎಂದು ಊಹಿಸುವುದು ಕಷ್ಟವಲ್ಲ. ನೀರು ತೂಬಿನಿಂದ ಬರುವ ಊರಿನಲ್ಲಿ ಮಳೆಗಾಗಿ ವಿರಾಟಪರ್ವ ಆಡಿಸುವವರು ಯಾರು? ಅಲ್ಲಿಗೆ ಹೊಸದಾಗಿ ಬಂದವರಿಗೆ ಈ ಮನೆತನಗಳ ಹಕ್ಕಿನ ಲೆಕ್ಕವೇ ಗೊತ್ತಿರಲಿಲ್ಲ. ಆದರೆ ಕುಷ್ಟಗಿ, ಯಲಬುರ್ಗಾದಲ್ಲಿ ಮಳೆಯ ಹಂಬಲ ಹಾಗೇ ಇತ್ತಲ್ಲ, ಅಲ್ಲಿ ಆಟ ಏಕೆ ಉಳಿಯಲಿಲ್ಲ? ಅಲ್ಲಿ ಕಾಡಿದ್ದು ಗುಳೆ. ಬರ ಬಿದ್ದ ವರ್ಷ ಊರಿಗೆ ಊರೇ ದುಡಿಮೆಗೆಂದು ಹೊರಗೆ ಹೋಗುತ್ತದೆ. 1972ರ ಬರವನ್ನು ಹಿರಿಯರು ಈಗಲೂ ಇಸವಿಯ ಹೆಸರಿನಿಂದಲೇ ಕರೆಯುತ್ತಾರೆ. ಕಣವಿಲ್ಲದ, ರಾಶಿಯಿಲ್ಲದ, ಅರ್ಧ ಮನೆಗಳಿಗೆ ಬೀಗ ಬಿದ್ದ ಊರಿನಲ್ಲಿ ಆಟದವರಿಗೆ ಜೋಳ ಕೊಡುವವರು ಯಾರು? ಒಂದು ಕಡೆ ನೀರು ಬಂದು ಆಟ ನಿಂತಿತು, ಇನ್ನೊಂದು ಕಡೆ ನೀರು ಬಾರದೆ ನಿಂತಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಿನಿಮಾ, ಟಿವಿ ಬಂದಮೇಲೆ ದೀಪದ ಮುಂದಿನ ಚರ್ಮದ ಚಿತ್ರವನ್ನು ಬೆಳತನಕ ನೋಡುವ ಸಹನೆ ಯಾರಿಗೂ ಉಳಿಯಲಿಲ್ಲ, ಅದೇ ನಿಜವಾದ ಕಾರಣ ಎನ್ನುವವರಿದ್ದಾರೆ. ಅದೂ ಹೇಗೆ ನೋಡಿ: 1987ರ ಜನವರಿಯಿಂದ ದೂರದರ್ಶನದಲ್ಲಿ ರಾಮಾಯಣ, 1988ರ ಅಕ್ಟೋಬರ್‌ನಿಂದ ಮಹಾಭಾರತ, ಭಾನುವಾರದ ಬೆಳಗು. ತೊಗಲುಗೊಂಬೆಯ ಎರಡೂ ಬಂಡವಾಳವನ್ನು ಅದು ಒಂದೇ ಪೆಟ್ಟಿಗೆಯಲ್ಲಿ ಹಾಕಿ ಮನೆಯೊಳಗೆ ತಂದಿಟ್ಟಿತು. ಆದರೆ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಜರ್ಮನ್ ವಿದ್ವಾಂಸ ಫ್ರೀಡ್ರಿಶ್ ಸೆಲ್ಟ್‌ಮನ್ ಮೈಸೂರು ರಾಜ್ಯ ಮತ್ತು ಆಂಧ್ರದ ನೆರಳಾಟದ ಮೇಲೆ ತನ್ನ ಲೇಖನ ಪ್ರಕಟಿಸಿದ್ದು 1971ರಲ್ಲಿ. ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಹಳ್ಳಿಹಳ್ಳಿ ತಿರುಗಿ ತೊಗಲುಗೊಂಬೆಗಳನ್ನು ಕೂಡಿಹಾಕತೊಡಗಿದ್ದೂ ಟಿವಿ ರಾಮಾಯಣಕ್ಕಿಂತ ಎಷ್ಟೋ ಮೊದಲೇ. ಆಗಲೇ ಗೊಂಬೆಗಳು ಕೊಳ್ಳಲು ಸಿಗುತ್ತಿದ್ದವು. ಆಡಿಸುವ ಗೊಂಬೆಯನ್ನು ಯಾರೂ ಮಾರುವುದಿಲ್ಲ. ಹರಿದು ಬಳಕೆಗೆ ಬಾರದ ಗೊಂಬೆಯನ್ನು ಕೂಡ ಹೊಳೆಗೆ ಬಿಡುವ ರೂಢಿಯವರು ಇವರು. ಮಾರಾಟಕ್ಕೆ ಬಂದಿದೆ ಎಂದರೆ ತಿರುಗಾಟ ಆಗಲೇ ಮುರಿದಿತ್ತು ಎಂದರ್ಥ. ಟಿವಿ ಬಂದು ಕದ ತಟ್ಟುವ ಹೊತ್ತಿಗೆ ಮನೆ ಅರ್ಧ ಖಾಲಿಯಾಗಿತ್ತು. ಇನ್ನೊಂದು ಸಾಕ್ಷಿ ಇದೇ ಸೀಮೆಯ ಬಯಲಾಟ. ಅದೂ ಸಿನಿಮಾದ ಏಟು ತಿಂದಿತು, ಟಿವಿಯ ಏಟು ತಿಂದಿತು. ಆದರೂ ಊರವರೇ ವೇಷ ಕಟ್ಟುವ ದೊಡ್ಡಾಟ, ಸಣ್ಣಾಟಗಳು ಜಾತ್ರೆಗಳಲ್ಲಿ ಉಳಿದುಕೊಂಡವು. ಜನರಿಗೆ ಪುರಾಣದ ಕಥೆ ಬೇಸರ ಬಂದಿದ್ದರೆ ಅವೂ ಹೋಗಬೇಕಿತ್ತು. ಬಯಲಾಟದ ಸಾಮಾನು ಊರಿನಲ್ಲೇ ಇರುತ್ತದೆ, ಇಲ್ಲದಿದ್ದರೆ ಬಾಡಿಗೆಗೆ ಸಿಗುತ್ತದೆ. ಗೊಂಬೆಯ ಪೆಟ್ಟಿಗೆ ಒಂದೇ ಮನೆಯದು. ಅದು ಹೋದರೆ ಬಾಡಿಗೆಗೂ ಸಿಗುವುದಿಲ್ಲ.

ತಿರುಗಾಟ ಮುರಿದ ಮನೆಗಳಿಂದ ಪೆಟ್ಟಿಗೆ ಹೇಗೆ ಹೋಯಿತು? ಒಮ್ಮೆಗೇ ಹೋಗಲಿಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಇಲ್ಲದ ಮನೆಯಲ್ಲಿ ಪಾಲು ಮಾಡಲು ಇದ್ದದ್ದು ಗೊಂಬೆಯೇ. ಒಬ್ಬನಿಗೆ ರಾಮ, ಇನ್ನೊಬ್ಬನಿಗೆ ರಾವಣ ಹೋದರೆ ಎರಡೂ ಮನೆಯಲ್ಲಿ ಆಟ ಕೂಡುವುದಿಲ್ಲ. ಹಳೆಯ ವಸ್ತು ಕೊಳ್ಳುವವರಿಗೆ ಬೇಕಾದದ್ದು ದೊಡ್ಡ ಗೊಂಬೆಗಳು: ಒಡ್ಡೋಲಗ, ಹತ್ತು ತಲೆಯ ರಾವಣ, ತೇರು. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಲು ಅವೇ ಚೆನ್ನ. ಅವು ಹೋದಮೇಲೆ ಉಳಿದ ಆಳುಕಾಳು, ಕುದುರೆ, ಗಿಡಮರಗಳಿಂದ ಯಾವ ಪ್ರಸಂಗ ಆಡಿಸುವುದು? 1972ರಲ್ಲಿ ಎರಡು ಕಾಯ್ದೆಗಳು ಬಂದವು. ಒಂದು ನೂರು ವರ್ಷ ದಾಟಿದ ಕಲಾವಸ್ತುಗಳನ್ನು ದೇಶದ ಹೊರಗೆ ಒಯ್ಯದಂತೆ ಕಟ್ಟು ಹಾಕಿತು; ಅದು ಒಳ್ಳೆಯದೇ ಆಯಿತು, ಆದರೆ ಅಷ್ಟರಲ್ಲಿ ಎಷ್ಟೋ ಹೊರಗೆ ಹೋಗಿದ್ದವು. ಇನ್ನೊಂದು ವನ್ಯಜೀವಿ ಸಂರಕ್ಷಣೆಯದು. ಹಳೆಯ ಗೊಂಬೆಗಳಲ್ಲಿ ದೇವರು, ರಾಜರಿಗೆ ಜಿಂಕೆಯ ತೊಗಲನ್ನು ಬಳಸಿದ್ದುಂಟು. ತೆಳ್ಳಗೆ, ಹೆಚ್ಚು ಪಾರದರ್ಶಕ. ಆ ತೊಗಲು ಇನ್ನು ಕೈಗೆ ಸಿಗುವಂತಿರಲಿಲ್ಲ. ಜಿಂಕೆ ಉಳಿಯಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಾಯ್ದೆಯಿಂದ ಹಳೆಯ ಗೊಂಬೆ ಮತ್ತೆ ಮಾಡಲಾಗದ ವಸ್ತುವಾಯಿತು, ಅದರ ಬೆಲೆ ಕೊಳ್ಳುವವರಿಗೆ ಗೊತ್ತಿದ್ದಷ್ಟು ಮಾರುವವರಿಗೆ ಗೊತ್ತಿರಲಿಲ್ಲ.

ಮಾರಿದವರನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಶಿಳ್ಳೇಕ್ಯಾತರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಅಲೆಮಾರಿ ಸಮುದಾಯ. ರೇಷನ್ ಕಾರ್ಡಿಗೆ, ಮಕ್ಕಳ ಶಾಲೆಗೆ ಒಂದು ಊರಿನಲ್ಲಿ ನೆಲೆ ನಿಲ್ಲಬೇಕು. ನೆಲೆ ನಿಂತರೆ ತಿರುಗಾಟ ನಿಲ್ಲುತ್ತದೆ. ಹಸಿದ ಮಗುವಿನ ಮುಂದೆ ತಾತನ ರಾವಣ ದೊಡ್ಡವನಲ್ಲ. ಹಾಗೆಯೇ ವಸ್ತುಸಂಗ್ರಹಾಲಯಗಳನ್ನೂ ಬರಿದೇ ದೂಷಿಸಲಾಗದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಕಟ್ಟಿದ ಜಾನಪದ ಲೋಕದಲ್ಲಿ ಇರುವ ಗೊಂಬೆಗಳು ಅಲ್ಲಿಗೆ ಹೋಗದಿದ್ದರೆ ಗೆದ್ದಲಿನ ಪಾಲೋ, ಇಲಿಯ ಪಾಲೋ ಆಗುತ್ತಿದ್ದವು ಎಂಬ ಮಾತಿನಲ್ಲಿ ಸತ್ಯವಿದೆ. ನಂಜುಂಡರಾವ್ ಅಂಥವರು ಗೊಂಬೆಗಳ ಜೊತೆಗೆ ಕಲಾವಿದರನ್ನೂ ಹುಡುಕಿ ವೇದಿಕೆಗೆ ತಂದರು. ಆ ಋಣ ದೊಡ್ಡದು. ನನ್ನ ತಕರಾರು ಬೇರೆ. ಗೋಡೆಗೆ ತೂಗುಹಾಕಿದ ಗೊಂಬೆಗೆ ಹೆಸರು, ಊರು, ಅಳತೆ ಬರೆದ ಚೀಟಿ ಇರುತ್ತದೆ. ಅದು ಹೊರಟ ಹಾಡು ಇರುವುದಿಲ್ಲ. ಹಾಡು ಬಲ್ಲ ಮನೆಯಲ್ಲಿ ಗೊಂಬೆ ಇಲ್ಲ, ಗೊಂಬೆ ಇರುವ ಮನೆಯಲ್ಲಿ ಹಾಡು ಇಲ್ಲ. ಇವೆರಡೂ ದೂರವಾದ ಮೇಲೆ ಒಂದು ತಲೆಮಾರು ಕಳೆದರೆ ಸಾಕು, ಹಾಡು ಬಲ್ಲವರೂ ಇರುವುದಿಲ್ಲ. ಲೆನನ್ ಹಾಡಿದ ಕ್ಯಾಸೆಟ್ಟು ಗಾಜಿನ ಪೆಟ್ಟಿಗೆಯಲ್ಲೇ ಉಳಿದು ಅವನ ಗೆಳೆಯರ ಕೈಗೆ ಸಿಗದೇ ಹೋಗಿದ್ದರೆ ಏನಾಗುತ್ತಿತ್ತೋ ಇಲ್ಲಿ ಅದು ಆಗಿದೆ.

ಗೊಂಬೆ ಹೋದರೆ ಹೊಸದನ್ನು ಮಾಡಿಕೊಳ್ಳಬಹುದಲ್ಲ, ಆಡಿನ ಚರ್ಮಕ್ಕೇನು ಬರ ಎಂದು ಕೇಳುವವರಿಗೆ ಕೊಪ್ಪಳ ತಾಲ್ಲೂಕಿನಲ್ಲೇ ಹೋಲಿಕೆಗೆ ಒಂದು ಊರಿದೆ. ಕಿನ್ನಾಳದ ಚಿತ್ರಗಾರರು ಹಗುರವಾದ ಪೊಳಕಿ ಮರದಲ್ಲಿ ಗೊಂಬೆ ಕೆತ್ತಿ, ಅಂಟಿನಿಂದ ಕೈಕಾಲು ಕೂಡಿಸಿ, ಬಣ್ಣ ಹಚ್ಚುತ್ತಾರೆ. ಆ ಕಸುಬೂ ಬಡವಾಗಿತ್ತು, ಮತ್ತೆ ಚೇತರಿಸಿಕೊಂಡಿತು. ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅಲ್ಲಿ ಚೇತರಿಕೆ ಸಾಧ್ಯವಾದದ್ದು ಏಕೆಂದರೆ ಕಿನ್ನಾಳದ ಗೊಂಬೆ ಹುಟ್ಟುವುದೇ ಇನ್ನೊಬ್ಬರ ಮನೆಗೆ ಹೋಗಲಿಕ್ಕೆ. ಸಾವಿರ ಮಾರಿದರೂ ಕಸುಬು ಮನೆಯಲ್ಲೇ ಉಳಿಯುತ್ತದೆ, ಮಾರಿದಷ್ಟೂ ಕೈ ಪಳಗುತ್ತದೆ. ತೊಗಲುಗೊಂಬೆ ಹುಟ್ಟುವುದು ಮನೆಯಲ್ಲೇ ಉಳಿಯಲಿಕ್ಕೆ, ಬೇರೆ ನೂರು ಗೊಂಬೆಗಳ ಜೊತೆ ಕೂತು ಒಂದು ಕಥೆಯಾಗಲಿಕ್ಕೆ. ಎರಡನ್ನೂ ಒಂದೇ ಕರಕುಶಲ ಯೋಜನೆಯಲ್ಲಿ ಸೇರಿಸಿದಾಗ ಏನಾಗುತ್ತದೆ ಎಂಬುದಕ್ಕೆ ಆಂಧ್ರದ ನಿಮ್ಮಲಕುಂಟವನ್ನು ನೋಡಬೇಕು. ಅಲ್ಲಿನ ಗೊಂಬೆಯವರೂ ಮೂಲದಲ್ಲಿ ಇದೇ ಮರಾಠಿ ನುಡಿಯ ಬಳಗ. ಅವರ ಕೈಗಳು ಇಂದು ತೊಗಲಿನ ದೀಪದ ಗವಸುಗಳನ್ನು, ಗೋಡೆಯ ಚಿತ್ರಗಳನ್ನು ಮಾಡುತ್ತವೆ. ಆ ಊರಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಊಟಕ್ಕೆ ದಾರಿಯಾಯಿತು, ಕೊರೆಯುವ ಜಾಣ್ಮೆ ಉಳಿಯಿತು, ಇದು ಸಣ್ಣ ಮಾತಲ್ಲ. ಆದರೆ ದೀಪದ ಗವಸಿಗೆ ಹಾಡು ಬೇಡ. ಕೈ ಉಳಿದರೆ ಬಾಯಿಯೂ ತಾನಾಗಿ ಉಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ.

ಇದಕ್ಕಿಂತ ಬಲವಾದ ಆಕ್ಷೇಪ ಬಳ್ಳಾರಿಯಿಂದ ಬರುತ್ತದೆ. ಬೆಳಗಲ್ಲು ವೀರಣ್ಣ ಗೊಂಬೆಯ ಮನೆತನದವರಲ್ಲ, ರಂಗಭೂಮಿಯ ನಟ. ತೊಗಲುಗೊಂಬೆಯನ್ನು ಕೈಗೆತ್ತಿಕೊಂಡು, ಹೊಸ ಗೊಂಬೆಗಳನ್ನು ಮಾಡಿಸಿ, ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಗಾಂಧೀಜಿಯ ಕಥೆಯನ್ನೂ ಪರದೆಗೆ ತಂದರು. ದೇಶವಿದೇಶ ತಿರುಗಿ ಹೆಸರು ಮಾಡಿದರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಳ್ಳುವ ತನಕ ಆಡಿಸಿದರು. ಹಳೆಯ ಪೆಟ್ಟಿಗೆ ಇಲ್ಲದೆಯೇ ಕಲೆ ಮರಳಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಬೇಡ, ಒಪ್ಪುತ್ತೇನೆ. ವೀರಣ್ಣನವರು ಮಾಡಿದ್ದು ನಿಜವಾದ ಸೃಷ್ಟಿ, ಅದನ್ನು ನಕಲು ಎನ್ನುವವರಿಗೆ ಕಲೆಯ ಮೇಲೆ ಪ್ರೀತಿ ಇಲ್ಲ. ಆದರೆ ಅವರು ಬರಿಗೈಯಲ್ಲಿ ಶುರುಮಾಡಲಿಲ್ಲ ಎಂಬುದನ್ನೂ ನೋಡಬೇಕು. ಕಂಪನಿ ನಾಟಕದ, ಬಯಲಾಟದ ಹಾಡು, ಮಾತು, ಲಯದ ದೊಡ್ಡ ಗಂಟು ಅವರ ಬೆನ್ನ ಮೇಲಿತ್ತು. ಗೊಂಬೆ ಕೊರೆಯುವ ಬಗೆ ಹಳೆಯ ಗೊಂಬೆಗಳಿಂದಲೇ ಬಂದದ್ದು. ಅಂದರೆ ಅವರಿಗೂ ಒಂದು ದಾಸ್ತಾನಿತ್ತು, ಬೇರೆ ಕಡೆಯಿಂದ ಬಂದದ್ದು. ಅವರ ದಾರಿಯಿಂದ ತೊಗಲುಗೊಂಬೆ ಎಂಬ ಪ್ರಕಾರ ಉಳಿಯುತ್ತದೆ. ಮೋರನಾಳದ ವಿರಾಟಪರ್ವ, ಅಲ್ಲಿನ ಮಾತಿನ ಧಾಟಿ, ಬಂಗಾರಕ್ಕನ ಜಗಳ ಆ ದಾರಿಯಿಂದ ಬರುವುದಿಲ್ಲ. ಬೇರೆ ಗಾಯಕರು ಎಷ್ಟೇ ಚೆನ್ನಾಗಿ ಬೀಟಲ್ಸ್ ಹಾಡುಗಳನ್ನು ಹಾಡಬಹುದು, ಅದು ಬೀಟಲ್ಸ್ ಮರಳಿದಂತಲ್ಲ ಎನ್ನುವುದು ಯಾರಿಗಾದರೂ ತಿಳಿಯುವ ಮಾತು. ಅಲ್ಲಿ ಒಪ್ಪುವ ವ್ಯತ್ಯಾಸವನ್ನು ನಾವು ನಮ್ಮ ಹಳ್ಳಿಯ ಮನೆತನದ ವಿಷಯದಲ್ಲಿ ಒಪ್ಪುವುದಿಲ್ಲ. ಜಾನಪದ ಎಂದೊಡನೆ ಎಲ್ಲವೂ ಒಂದೇ, ಯಾರು ಆಡಿದರೂ ಒಂದೇ ಎಂದುಬಿಡುತ್ತೇವೆ. ಭೀಮವ್ವನವರ ದನಿ ಒಬ್ಬ ಕಲಾವಿದೆಯ ದನಿ. ಅದಕ್ಕೆ ಅದರದೇ ಹಾಡುಗಳ ಸಂಗ್ರಹವಿದೆ, ಅದರದೇ ಜೋಡಿ ಗೊಂಬೆಗಳಿವೆ.

ಇನ್ನು ವೇದಿಕೆಗೆ ಮರಳಿ ಬಂದದ್ದು ಹಳೆಯ ಆಟವೇನೂ ಅಲ್ಲ ಎಂಬ ಮಾತು. ಬೆಳತನಕದ ಆಟ ಒಂದು ಗಂಟೆಗೆ, ಉತ್ಸವದ ಪಟ್ಟಿಯಲ್ಲಿ ಹಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ ಇಳಿಯಿತು. ಹರಳೆಣ್ಣೆ ದೀಪ ಹೋಗಿ ಗ್ಯಾಸ್‌ಬತ್ತಿ, ಅದು ಹೋಗಿ ಕರೆಂಟಿನ ಬಲ್ಬು ಬಂತು. ಬಲ್ಬಿನ ಬೆಳಕು ನಿಶ್ಚಲ. ಎಣ್ಣೆಯ ದೀಪದಲ್ಲಿ ಉರಿ ತೊನೆದಾಗ ನಿಂತ ಗೊಂಬೆಯ ಎದೆ ಉಸಿರಾಡಿದಂತೆ ಕಾಣುತ್ತಿತ್ತು, ಅದು ಈಗ ಇಲ್ಲ. ಮಳೆ ಬೇಡಿ ಕರೆಸುವ ಊರಿನ ಬದಲು ಸಂಸ್ಕೃತಿ ಇಲಾಖೆಯ ಪತ್ರ ಬರುತ್ತದೆ. ಎಲ್ಲವೂ ನಿಜ, ನನಗೂ ಇದರಲ್ಲಿ ನೋವಿದೆ. ಆದರೂ ಇದನ್ನು ಸುಳ್ಳು ಮರಳುವಿಕೆ ಎನ್ನಲು ಮನಸ್ಸು ಒಪ್ಪುವುದಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಮರಳಿದ ಅಬ್ಬಾ ಗಾಯಕಿಯರ ದನಿ ಮೂವತ್ತರದ್ದಾಗಿರಲಿಲ್ಲ. ಕೇಳಿದವರು ಅದೇ ಹಳೆಯದನ್ನು ಬೇಡಲಿಲ್ಲ, ಆ ದನಿಗಳು ಒಟ್ಟಿಗೆ ಕೂಡಿದ್ದನ್ನು ಕೇಳಿದರು. ತೊಗಲುಗೊಂಬೆಯವರು ಕೂಡ ಕಾಲಕ್ಕೆ ತಕ್ಕಂತೆ ಬದಲಾಗುತ್ತಲೇ ಬಂದವರು. ಪೇಟಿ ಎಂದು ನಾವು ಕರೆಯುವ ಹಾರ್ಮೋನಿಯಂ ಯುರೋಪಿನಿಂದ ಬಂದದ್ದು, ಇಂದು ಅದಿಲ್ಲದ ಮೇಳವೇ ಅಪರೂಪ. ಒಂದು ಗಂಟೆಯ ಆಟ ಚಿಕ್ಕದಾಯಿತು ಎಂದು ಕೊರಗುವುದಕ್ಕಿಂತ, ಆ ಗಂಟೆಗೆ ಯಾವ ಭಾಗವನ್ನು ಆರಿಸಿಕೊಂಡಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ನೋಡುವುದು ಉಪಯೋಗದ ಕೆಲಸ. ಉತ್ಸವದ ವೇದಿಕೆ ಬೇಡುವುದು ಯುದ್ಧ, ಲಂಕಾದಹನ, ಬಣ್ಣದ ಗಲಾಟೆ. ಬಿಟ್ಟುಹೋಗುವುದು ನಿಧಾನದ ಹಾಡು, ಹೆಣ್ಣು ಪಾತ್ರಗಳ ದೀರ್ಘ ಮಾತು, ಕಿಳ್ಳೇಕ್ಯಾತನ ಊರ ಸುದ್ದಿಯ ಹರಟೆ. ಆಡಿಸದ ಗೊಂಬೆ ಪೆಟ್ಟಿಗೆಯಲ್ಲಿ ಇದ್ದರೂ ಅದರ ಹಾಡು ಸೊರಗುತ್ತದೆ. ಅಪಾಯ ಇರುವುದು ಅಲ್ಲಿ.

ಹಾಗಾಗಿ ಮಾಡಬೇಕಾದ ಕೆಲಸ ಪ್ರಶಸ್ತಿಯ ಹೊತ್ತಿನ ಸನ್ಮಾನಕ್ಕಿಂತ ಚಿಕ್ಕದು, ಕಷ್ಟದ್ದೂ ಅಲ್ಲ. ಸಂಗ್ರಹಾಲಯಗಳಲ್ಲಿ ಇರುವ ಗೊಂಬೆಗಳಲ್ಲಿ ಯಾವುವು ಯಾವ ಸೀಮೆಯಿಂದ ಬಂದವು ಎಂಬ ಪಟ್ಟಿ ಆಯಾ ಸೀಮೆಯ ಮನೆತನಗಳ ಕೈಗೆ ಸಿಗಬೇಕು. ಮೂಲವನ್ನು ಕೊಡಲಾಗದಿದ್ದರೆ ಬೇಡ. ಅಳತೆಗೆ ಅಳತೆ ಆಡಿನ ತೊಗಲಿನ ಮೇಲೆ ನಕಲು ಕೊರೆಸಿ, ಕೊರೆಯುವ ಕೂಲಿಯನ್ನು ಆ ಮನೆಗಳಿಗೇ ಕೊಟ್ಟು, ಪೆಟ್ಟಿಗೆಯ ಖಾಲಿ ಜಾಗಗಳನ್ನು ತುಂಬಬಹುದು. ಹಿರಿಯರ ಮುಂದೆ ಕ್ಯಾಮೆರಾ ಇಟ್ಟು ಒಂದು ಗಂಟೆಯ ಆಟವನ್ನು ಚಿತ್ರಿಸುವುದನ್ನು ಬಿಟ್ಟು, ಪೆಟ್ಟಿಗೆ ತೆರೆಸಿ, ಒಂದೊಂದು ಗೊಂಬೆಯನ್ನು ಕೈಗೆ ಕೊಟ್ಟು, ಇದಕ್ಕೆ ಯಾವ ಹಾಡು ಎಂದು ಕೇಳಬೇಕು. ದಿನಗಟ್ಟಲೆ ಹಿಡಿಯುವ ಕೆಲಸ ಇದು. ಕೊಪ್ಪಳದಲ್ಲಿ ಇದನ್ನು ಕೇಳಿಸಿಕೊಳ್ಳಬೇಕಾದವರು ದೂರದಲ್ಲೇನೂ ಇಲ್ಲ. ಹೊಳೆ ದಾಟಿದರೆ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವಿದೆ. ಇಂಥ ದಾಖಲೆಗೆ ಒಂದು ಕ್ರಮವೂ ಸಿದ್ಧವಾಗಿಯೇ ಇದೆ. ಗಣಪತಿ ಮೊದಲು ಬರುತ್ತಾನೆ, ಸರಸ್ವತಿ ಎರಡನೆಯವಳು, ಆಮೇಲೆ ಕಿಳ್ಳೇಕ್ಯಾತ. ಅವನನ್ನು ಹೊರತೆಗೆದ ಕೂಡಲೇ ಬಂಗಾರಕ್ಕ ಎಲ್ಲಿ ಎಂದು ಕೇಳುತ್ತಾನೆ, ಆಗ ಪರದೆಯ ಹಿಂದೆ ಕೂತ ಹೆಣ್ಣುಮಗಳು ಉತ್ತರ ಕೊಡಬೇಕು.